ನೋಟಿಸಿಗೂ ಮೊದಲು ಒಂದು ಮಾತು

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಾಂಡಿಮೆಂಟ್ಸ್ ಅಂಗಡಿ, ಬೇಕರಿ, ಟೀ ಅಂಗಡಿಗಳ ಗಾಜಿನ ಮೇಲೆ ಅಂಟಿಸಿದ್ದ ಕ್ಯೂಆರ್ ಕೋಡ್‌ಗಳು ಒಂದೊಂದಾಗಿ ಮಾಯವಾಗತೊಡಗಿದವು. ಅದೇ ಜಾಗದಲ್ಲಿ ಕೈಬರಹದ ಚೀಟಿ ಬಂತು: ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’. ಹತ್ತು ರೂಪಾಯಿ ಬಾಳೆಹಣ್ಣಿಗೂ ಸ್ಕ್ಯಾನ್ ಮಾಡಿ ರೂಢಿಯಾಗಿದ್ದ ಊರು ಜೇಬು ತಡಕಿಕೊಂಡಿತು. ಚಿಲ್ಲರೆಯ ಜಗಳ ಮತ್ತೆ ಶುರುವಾಯಿತು. ಜುಲೈ 23 ಮತ್ತು 24ರಂದು ಹಾಲು, ಕಾಫಿ, ಟೀ ಮಾರದೆ ಕಪ್ಪು ಪಟ್ಟಿ ಕಟ್ಟಿಕೊಂಡು ಪ್ರತಿಭಟಿಸುವುದು, 25ರಂದು ಬಾಗಿಲು ಹಾಕಿ ಬೀದಿಗಿಳಿಯುವುದು ಎಂದು ವ್ಯಾಪಾರಿಗಳು ನಿರ್ಧರಿಸಿದ್ದರು.

ಕಾರಣ ಎಲ್ಲರಿಗೂ ಗೊತ್ತಿರುವುದೇ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳ ಲೆಕ್ಕ ತರಿಸಿಕೊಂಡಿತು. ಜಿಎಸ್‌ಟಿ ನೋಂದಣಿಯ ಮಿತಿ ದಾಟಿಯೂ ನೋಂದಣಿ ಮಾಡಿಸದವರೆಂದು ಕಂಡ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಕೆಲವು ನೋಟಿಸುಗಳಲ್ಲಿದ್ದ ಮೊತ್ತ ಅಂಗಡಿಯನ್ನು ಸಾಮಾನು ಸಮೇತ ಮಾರಿದರೂ ಹುಟ್ಟುವಂಥದ್ದಲ್ಲ.

ಆ ಗದ್ದಲ ಬೇಗ ತಣ್ಣಗಾಯಿತು, ಬೇಗ ಮರೆತೂ ಹೋಯಿತು. ಆದರೆ ಸ್ಥಳೀಯ ವ್ಯಾಪಾರಿಯ ತುರ್ತು ಕಷ್ಟವನ್ನು ನಮ್ಮ ವ್ಯವಸ್ಥೆ ಹೇಗೆ ಗುರುತಿಸುತ್ತದೆ, ಗುರುತಿಸಿದ ಮೇಲೆ ಏನು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಈಚೆಗೆ ಸಿಕ್ಕಿಲ್ಲ. ಅಂಗಡಿಯವನ ವಹಿವಾಟು ಸರ್ಕಾರಕ್ಕೆ ರೂಪಾಯಿ ಲೆಕ್ಕದಲ್ಲಿ ಕಾಣಿಸುತ್ತಿತ್ತು. ಅವನ ಕಷ್ಟ ಮಾತ್ರ ಬಂದ್‌ಗೆ ಕರೆ ಕೊಡುವವರೆಗೆ ಕಾಣಿಸಲಿಲ್ಲ.

ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರ ಪ್ರಕರಣ ಆಗ ದೇಶದ ಸುದ್ದಿಯಾಯಿತು. ನಾಲ್ಕು ವರ್ಷಗಳಲ್ಲಿ ₹1.63 ಕೋಟಿ ಯುಪಿಐ ಮೂಲಕ ಬಂದಿದೆ, ಹಾಗಾಗಿ ಸುಮಾರು ₹29 ಲಕ್ಷ ಕಟ್ಟಿ ಎಂಬುದು ನೋಟಿಸಿನ ಸಾರ. ಈ ಎರಡು ಅಂಕಿಗಳನ್ನು ಇಟ್ಟುಕೊಂಡು ಯಾರು ಬೇಕಾದರೂ ಭಾಗಾಕಾರ ಮಾಡಬಹುದು. ₹1.63 ಕೋಟಿಯನ್ನು ನಾಲ್ಕರಿಂದ ಭಾಗಿಸಿದರೆ ವರ್ಷಕ್ಕೆ ₹40.75 ಲಕ್ಷ. ಸರಕು ಮಾರುವವರಿಗೆ ನೋಂದಣಿಯ ಮಿತಿ ₹40 ಲಕ್ಷ. ಅಂದರೆ ಸರಾಸರಿಯಲ್ಲಿ ಕೂದಲೆಳೆಯಷ್ಟು ಮೇಲೆ. ಇನ್ನು ₹29 ಲಕ್ಷವೆಂದರೆ ₹1.63 ಕೋಟಿಯ ಹತ್ತಿರ ಹತ್ತಿರ ಶೇ 18. ತಾಜಾ ತರಕಾರಿಗೆ ಜಿಎಸ್‌ಟಿ ಎಷ್ಟು? ಸೊನ್ನೆ. ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರು ಎಷ್ಟೇ ವಹಿವಾಟು ಮಾಡಲಿ, ನೋಂದಣಿಯನ್ನೇ ಮಾಡಿಸಬೇಕಿಲ್ಲ ಎಂದು ಜಿಎಸ್‌ಟಿ ಕಾಯ್ದೆಯೇ ಹೇಳುತ್ತದೆ. ಕಂಪ್ಯೂಟರಿಗೆ ಕಂಡದ್ದು ಜಮೆಯಾದ ಹಣ. ಅಂಗಡಿಯಲ್ಲಿ ಇದ್ದದ್ದು ಟೊಮೆಟೊ, ಬದನೆಕಾಯಿ. ಇವೆರಡರ ನಡುವೆ ಒಬ್ಬ ಮನುಷ್ಯ ಒಂದು ಸಲ ಹೋಗಿ ನೋಡಿಬಂದಿದ್ದರೆ ಆ ಕಾಗದ ಅಚ್ಚಾಗುತ್ತಲೇ ಇರಲಿಲ್ಲ.

₹40 ಲಕ್ಷ ಎಂದಾಗ ನಮ್ಮ ಕಣ್ಣಿಗೆ ಸಾಹುಕಾರ ಬರುತ್ತಾನೆ. 365ರಿಂದ ಭಾಗಿಸಿ ನೋಡಿ: ದಿನಕ್ಕೆ ₹11,000ದ ಆಸುಪಾಸು. ಬೆಳಿಗ್ಗೆ ಐದಕ್ಕೆ ಹಾಲಿನ ಕ್ರೇಟ್ ಇಳಿಸಿಕೊಂಡು ರಾತ್ರಿ ಹತ್ತಕ್ಕೆ ಷಟರ್ ಎಳೆಯುವ ಬಡಾವಣೆಯ ಅಂಗಡಿಗೆ ಇದು ಮಾಮೂಲಿ ವ್ಯಾಪಾರ. ಇದರಲ್ಲಿ ಎಲ್ಲ ಕಳೆದು ನೂರಕ್ಕೆ ಐದು ರೂಪಾಯಿ ಕೈಗೆ ಉಳಿಯಿತೆಂದುಕೊಂಡರೂ ತಿಂಗಳಿಗೆ ₹17,000 ದಾಟುವುದಿಲ್ಲ. ಹಾಲಿನ ಪ್ಯಾಕೆಟ್‌ನಲ್ಲಿ, ಸಿಗರೇಟಿನಲ್ಲಿ ಅಷ್ಟು ಉಳಿಯುವುದೂ ಕಷ್ಟ. ಗಿರಾಕಿ ಬರಲಿ ಎಂದೇ ಅವನ್ನು ಇಟ್ಟುಕೊಂಡಿರುತ್ತಾರೆ.

ಟೀ ಅಂಗಡಿಯ ಕಥೆ ಇನ್ನೂ ಬಿಗಿ. ಟೀ, ತಿಂಡಿ ಮಾಡಿ ಕೊಡುವುದು ಕಾನೂನಿನ ಪ್ರಕಾರ ಹೋಟೆಲ್ ಸೇವೆ. ಸೇವೆಗಳಿಗೆ ಮಿತಿ ₹20 ಲಕ್ಷ. ದಿನಕ್ಕೆ ₹5,500 ಗಲ್ಲಾಕ್ಕೆ ಬಿದ್ದರೆ ವರ್ಷದ ಕೊನೆಗೆ ಮಿತಿ ದಾಟಿತು. ಹದಿನೈದು ರೂಪಾಯಿಯ ಟೀ ದಿನಕ್ಕೆ 370 ಲೋಟ ಹೋದರೂ ಸಾಕು. ಇಂಥ ಎಷ್ಟು ಅಂಗಡಿಗಳಿಗೆ ‘ನಿಮಗೆ ₹40 ಲಕ್ಷ ಅಲ್ಲ, ₹20 ಲಕ್ಷ’ ಎಂದು ಯಾರಾದರೂ ಹೇಳಿದ್ದರು?

ಇನ್ನು ಯುಪಿಐ ಜಮೆ ಎಂದರೆ ವ್ಯಾಪಾರ ಎಂದುಕೊಳ್ಳುವುದೇ ಮೊದಲ ಎಡವಟ್ಟು. ಬಡಾವಣೆಯ ಅಂಗಡಿ ಎಂದರೆ ಅರ್ಧ ಬ್ಯಾಂಕು. ‘ಅಣ್ಣಾ, ಐನೂರು ಫೋನ್‌ಪೇ ಮಾಡ್ತೀನಿ, ಕ್ಯಾಶ್ ಕೊಡಿ’ ಎಂದು ಬರುವವರು ದಿನಕ್ಕೆ ನಾಲ್ಕು ಜನ. ಭಾವಮೈದ ಕೊಟ್ಟ ಕೈಸಾಲ, ಹೆಂಡತಿಯ ಹೆಸರಿನ ಚೀಟಿ ಎತ್ತಿದ ದುಡ್ಡು, ಊರಲ್ಲಿ ಅಡಿಕೆ ಮಾರಿ ಅಪ್ಪ ಕಳಿಸಿದ್ದು, ಎಲ್ಲವೂ ಬರುವುದು ಅದೇ ನಂಬರಿಗೆ. ಅಂಗಡಿಗೊಂದು ಖಾತೆ, ಮನೆಗೊಂದು ಖಾತೆ ಎಂಬ ಶಿಸ್ತು ದೊಡ್ಡ ಕಂಪನಿಗಳದ್ದು. ಇವರಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಕಲಿಸಿದ್ದು ಸ್ಕ್ಯಾನರ್ ಇಟ್ಟುಕೊಳ್ಳುವುದನ್ನು ಮಾತ್ರ. 2016ರಲ್ಲಿ ಯುಪಿಐ ಶುರುವಾದಾಗಿನಿಂದ, ಅದರಲ್ಲೂ ಆ ವರ್ಷದ ನೋಟು ರದ್ದತಿಯ ನಂತರ, ‘ಡಿಜಿಟಲ್ ಆಗಿ’ ಎಂದು ಬೆನ್ನು ತಟ್ಟಿದವರೇ ಎಲ್ಲರೂ. ಮಾತಾಡುವ ಡಬ್ಬಿಯನ್ನು ಕೌಂಟರ್ ಮೇಲೆ ಇಟ್ಟುಹೋದ ಹುಡುಗ ತೆರಿಗೆಯ ವಿಷಯ ಎತ್ತಲಿಲ್ಲ. ಅದು ಅವನ ಕೆಲಸವೂ ಆಗಿರಲಿಲ್ಲ ಬಿಡಿ.

ಹೆಚ್ಚು ಚರ್ಚೆಯಾಗದ ಲೆಕ್ಕವೊಂದಿದೆ. ಅಂಗಡಿಯವನು ಡಿಸ್ಟ್ರಿಬ್ಯೂಟರ್ ಹತ್ತಿರ ನೂರು ರೂಪಾಯಿಯ ಸರಕು ಕೊಂಡ, ಅದರ ಮೇಲೆ ಶೇ 18ರಂತೆ ಹದಿನೆಂಟು ರೂಪಾಯಿ ಜಿಎಸ್‌ಟಿಯನ್ನೂ ಕೊಟ್ಟ ಎನ್ನೋಣ. ಹತ್ತು ರೂಪಾಯಿ ಲಾಭ ಇಟ್ಟು ಮಾರಿದರೆ 110 ರೂಪಾಯಿಯ ಮೇಲಿನ ತೆರಿಗೆ ₹19.80. ಹದಿನೆಂಟು ಆಗಲೇ ಖಜಾನೆಗೆ ಸೇರಿದೆ. ಆತ ನೋಂದಾಯಿತನಾಗಿದ್ದರೆ ಕಟ್ಟಬೇಕಿದ್ದದ್ದು ಉಳಿದ ₹1.80. ಆದರೆ ನೋಂದಣಿ ಇಲ್ಲದವನಿಗೆ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಮುರಿದುಕೊಳ್ಳುವ ಹಕ್ಕಿಲ್ಲ. ಹಾಗಾಗಿ ಕೇಳುವುದು ಪೂರ್ತಿ ₹19.80, ಅದರ ಮೇಲೆ ಬಡ್ಡಿ, ದಂಡ. ಸರ್ಕಾರಕ್ಕೆ ತಪ್ಪಿದ್ದು ಎರಡು ರೂಪಾಯಿಯೂ ಅಲ್ಲ, ವಸೂಲಿಗೆ ಹೊರಟದ್ದು ಇಪ್ಪತ್ತಕ್ಕೆ. ಕಾನೂನಿನ ಪುಸ್ತಕದಲ್ಲಿ ಇದು ಸರಿಯೇ ಇರಬಹುದು. ಬೀದಿಯ ನ್ಯಾಯದಲ್ಲಿ ಇದನ್ನು ಒಪ್ಪಿಸುವುದು ಕಷ್ಟ.

ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು ಇರುವುದು ಕಾಲದಲ್ಲಿ. ವರ್ಷಕ್ಕೆ ₹1.5 ಕೋಟಿಯವರೆಗೆ ವಹಿವಾಟು ಇರುವ ವ್ಯಾಪಾರಿಗಳಿಗೆ ಜಿಎಸ್‌ಟಿಯಲ್ಲೇ ‘ಕಾಂಪೋಸಿಷನ್’ ಎಂಬ ಸರಳ ಪದ್ಧತಿ ಇದೆ. ತೆರಿಗೆ ಬರುವ ಸರಕಿನ ವಹಿವಾಟಿನ ಮೇಲೆ ಶೇ 1 ಕಟ್ಟಿದರೆ ಮುಗಿಯಿತು. ಮೂರು ತಿಂಗಳಿಗೊಮ್ಮೆ ಪಾವತಿ, ವರ್ಷಕ್ಕೊಂದು ರಿಟರ್ನ್. ಹೋಟೆಲಿನವರಿಗೆ ಶೇ 5. ಒಂದು ಅಂಗಡಿಯಲ್ಲಿ ವರ್ಷಕ್ಕೆ ₹25 ಲಕ್ಷದಷ್ಟು ತೆರಿಗೆಯ ಸರಕು, ಉಳಿದದ್ದು ಹಾಲು, ಬ್ರೆಡ್ ಎಂದುಕೊಳ್ಳಿ. ಈ ಪದ್ಧತಿಯಲ್ಲಿ ಕಟ್ಟಬೇಕಾದದ್ದು ವರ್ಷಕ್ಕೆ ₹25,000, ನಾಲ್ಕು ವರ್ಷಕ್ಕೆ ₹1 ಲಕ್ಷ. ಅದೇ ₹25 ಲಕ್ಷದ ಮೇಲೆ ಶೇ 18 ಹಾಕಿದರೆ ವರ್ಷಕ್ಕೆ ₹4.5 ಲಕ್ಷ, ನಾಲ್ಕು ವರ್ಷಕ್ಕೆ ₹18 ಲಕ್ಷ, ಬಡ್ಡಿ ಬೇರೆ. ಆದರೆ ಕಾಂಪೋಸಿಷನ್ ಆಯ್ಕೆಯನ್ನು ಹಿಂದಿನ ವರ್ಷಗಳಿಗೆ ಅನ್ವಯಿಸಿಕೊಳ್ಳುವಂತಿಲ್ಲ. ಮೊದಲೇ ಸೇರಿದವನಿಗೆ ಒಂದು ಲಕ್ಷ, ಗೊತ್ತಿಲ್ಲದೆ ಹೊರಗುಳಿದವನಿಗೆ ಹದಿನೆಂಟು ಲಕ್ಷ.

ಅಂದರೆ 2022ರ ಬೇಸಿಗೆಯಲ್ಲೇ, ಮೊದಲ ವರ್ಷದ ಲೆಕ್ಕ ಮುಗಿದ ಕೂಡಲೇ, ಒಂದು ಕನ್ನಡದ ಮೆಸೇಜ್ ಬಂದಿದ್ದರೆ ಸಾಕಿತ್ತು: ‘ನಿಮ್ಮ ಜಮೆ ಮಿತಿ ದಾಟಿದಂತೆ ಕಾಣುತ್ತಿದೆ, ಶೇ 1ರ ಪದ್ಧತಿಗೆ ಸೇರಿಕೊಳ್ಳಿ, ಸಂಶಯವಿದ್ದರೆ ಇಂಥ ಕಚೇರಿಗೆ ಬನ್ನಿ’. ಆ ಒಂದು ಸಾಲು ಮೂರು ವರ್ಷ ತಡವಾದದ್ದಕ್ಕೆ ಬೆಲೆ ಕಟ್ಟಬೇಕಾದವನು ಅಂಗಡಿಯವನು.

ಇಲಾಖೆಯ ಪಕ್ಷವನ್ನೂ ಹೇಳಬೇಕು. ಪಕ್ಕದ ಅಂಗಡಿಯವನು ನೋಂದಣಿ ಮಾಡಿಸಿ, ಆಡಿಟರ್‌ಗೆ ಫೀಸು ಕೊಟ್ಟು, ತೆರಿಗೆ ಕಟ್ಟುತ್ತಿರುವಾಗ ಅಷ್ಟೇ ವ್ಯಾಪಾರ ಮಾಡುವ ಇನ್ನೊಬ್ಬ ಹೊರಗಿದ್ದರೆ ಅದು ಮೊದಲನೆಯವನಿಗೆ ಮಾಡುವ ಅನ್ಯಾಯ. ಯುಪಿಐ ಒಂದರಲ್ಲೇ ಮಿತಿ ದಾಟಿದ್ದರೆ ನಗದು ಸೇರಿಸಿ ವ್ಯಾಪಾರ ಇನ್ನೂ ಹೆಚ್ಚೇ ಇರಬೇಕೆಂಬ ವಾದವೂ ಹುರುಳಿಲ್ಲದ್ದಲ್ಲ. ಗೊತ್ತಿದ್ದೂ ತಪ್ಪಿಸಿಕೊಂಡವರು ಆ ಸಾವಿರಾರು ಜನರಲ್ಲಿ ಖಂಡಿತ ಇದ್ದರು. ಆದರೆ ತರಕಾರಿಯವನಿಗೂ ಅವರಿಗೂ ಒಂದೇ ಅಚ್ಚಿನ ನೋಟಿಸ್ ಹೋದಾಗ ನಿಜವಾದ ಕಳ್ಳನಿಗೆ ಒಳ್ಳೆಯ ಆಸರೆ ಸಿಕ್ಕಿತು. ಅವನೂ ಅದೇ ಗುಂಪಿನಲ್ಲಿ ಕಪ್ಪು ಪಟ್ಟಿ ಕಟ್ಟಿಕೊಂಡು ನಿಂತ.

ಮುಂದಿನ ಭಾಗ ನಮಗೆ ಪರಿಚಿತ. ರಾಜ್ಯದವರು ‘ಜಿಎಸ್‌ಟಿ ಕೇಂದ್ರದ್ದು’ ಎಂದರು, ಕೇಂದ್ರದವರು ‘ನೋಟಿಸ್ ಕೊಟ್ಟದ್ದು ರಾಜ್ಯದ ಇಲಾಖೆ’ ಎಂದರು. ಎರಡೂ ನಿಜವೇ. ಎರಡರಿಂದಲೂ ಅಂಗಡಿಯವನಿಗೆ ಉಪಯೋಗವಿರಲಿಲ್ಲ. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಪ್ರತಿನಿಧಿಗಳನ್ನು ಕರೆಸಿ ಮಾತಾಡಿದರು. ತೆರಿಗೆ ವಿನಾಯಿತಿ ಇರುವ ಸರಕಿನ ವ್ಯಾಪಾರಕ್ಕೆ ಕೊಟ್ಟ ನೋಟಿಸ್ ಮುಂದುವರಿಸುವುದಿಲ್ಲ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಅರ್ಹರೆಲ್ಲ ನೋಂದಣಿ ಮಾಡಿಸಬೇಕು ಎಂದು ಮಾತಾಯಿತು. 25ರ ಬಂದ್ ನಿಂತಿತು. ಇಲಾಖೆ ‘ಜಿಎಸ್‌ಟಿ ತಿಳಿಯಿರಿ’ ಎಂದು ಅರಿವಿನ ಸಭೆಗಳನ್ನು ನಡೆಸಿತು. ಒಳ್ಳೆಯದೇ ಆಯಿತು. ಒಂದೇ ಕೊರತೆ: ತಿಳಿಸುವ ಕೆಲಸ ಮೊದಲು ಆಗಿ, ನೋಟಿಸ್ ಆಮೇಲೆ ಹೋಗಬೇಕಿತ್ತು. ಒಂದು ದಿನದ ಮಾತುಕತೆಯಲ್ಲಿ ಬಗೆಹರಿದ ವಿಷಯ ಮುಖ್ಯಮಂತ್ರಿಯ ಮೇಜಿನವರೆಗೆ ಹೋಗಬೇಕಾಯಿತೆಂದರೆ ಕೆಳಗಿನ ಮೆಟ್ಟಿಲುಗಳಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ ಎಂದೇ ಅರ್ಥ.

ಏಕೆ ಇರಲಿಲ್ಲ? ವಾಣಿಜ್ಯ ಸಂಘಗಳಿಗೆ ನಮ್ಮಲ್ಲಿ ಬರವಿಲ್ಲ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯಾಗಿ ಹುಟ್ಟಿದ ಸಂಸ್ಥೆಯೇ ಇಂದಿನ ಎಫ್‌ಕೆಸಿಸಿಐ. ಸಣ್ಣ ಕೈಗಾರಿಕೆಗಳ ‘ಕಾಸಿಯಾ’ 1949ರಿಂದ ಇದೆ. ಬಜೆಟ್‌ಗೆ ಮುನ್ನ ಇವರ ಅಹವಾಲನ್ನು ಸರ್ಕಾರ ಕೇಳುತ್ತದೆ. ದೊಡ್ಡ ಹೂಡಿಕೆದಾರರಿಗಂತೂ ಏಕಗವಾಕ್ಷಿಯೇ ಉಂಟು. 2025ರ ಫೆಬ್ರುವರಿಯ ‘ಇನ್ವೆಸ್ಟ್ ಕರ್ನಾಟಕ’ ಸಮಾವೇಶದಲ್ಲಿ ₹10.27 ಲಕ್ಷ ಕೋಟಿಯ ಹೂಡಿಕೆ ಭರವಸೆ ಬಂತೆಂದು ಸರ್ಕಾರ ಹೇಳಿಕೊಂಡಿತು. ಇನ್ನೊಂದು ತುದಿಯಲ್ಲಿ ತಳ್ಳುಗಾಡಿಯವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಅದರಂತೆ ರಚಿಸಬೇಕಾದ ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ 40ರಷ್ಟು ಸ್ಥಾನ ಬೀದಿ ವ್ಯಾಪಾರಿಗಳಿಗೇ ಮೀಸಲು. ಆ ಸಮಿತಿಗಳು ಎಷ್ಟು ಸಲ ಸೇರುತ್ತವೆ ಎಂಬುದು ಬೇರೆ ಪ್ರಶ್ನೆ, ಕಾಗದದ ಮೇಲಾದರೂ ಕುರ್ಚಿ ಇದೆ.

ನಡುವಿನವನು, ಬಾಡಿಗೆಗೆ ಮಳಿಗೆ ಹಿಡಿದು ಕೂತ ಕಾಂಡಿಮೆಂಟ್ಸ್ ಅಂಗಡಿಯವನು, ಬೇಕರಿಯವನು, ಜೆರಾಕ್ಸ್ ಅಂಗಡಿಯವನು, ಇವರಿಗೆ ಆ ಕುರ್ಚಿಯೂ ಇಲ್ಲ. ಪಾಲಿಕೆಯ ಟ್ರೇಡ್ ಲೈಸೆನ್ಸ್, ಕಾರ್ಮಿಕ ಇಲಾಖೆಯ ನೋಂದಣಿ, ತಿನ್ನುವ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ, ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ. ಕೇಳುವವರು ಇಷ್ಟು ಜನ, ಕೇಳಿಸಿಕೊಳ್ಳುವವರು ಒಬ್ಬರೂ ಇಲ್ಲ.

ಇದು ಒಂದೇ ಸಲದ ಎಡವಟ್ಟಲ್ಲ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ಕೇಂದ್ರ ಸರ್ಕಾರ ₹3 ಲಕ್ಷ ಕೋಟಿಯ ತುರ್ತು ಸಾಲ ಖಾತರಿ ಯೋಜನೆ ತಂದಿತು. ನಿಜಕ್ಕೂ ದೊಡ್ಡ ನೆರವು. ಆದರೆ ಅದು ಸಿಕ್ಕಿದ್ದು ಆಗಲೇ ಬ್ಯಾಂಕಿನಲ್ಲಿ ಸಾಲ ಇದ್ದವರಿಗೆ, ಇದ್ದ ಸಾಲದ ಶೇ 20ರಷ್ಟು. ಕೈಸಾಲ, ಚೀಟಿ, ಮೀಟರ್ ಬಡ್ಡಿಯಲ್ಲಿ ಅಂಗಡಿ ನಡೆಸುತ್ತಿದ್ದವನು ಅದರ ಬಾಗಿಲಿಗೂ ಹೋಗುವಂತಿರಲಿಲ್ಲ. ಮರುತಿಂಗಳು ಬೀದಿ ವ್ಯಾಪಾರಿಗಳಿಗೆ ₹10,000ದ ಸ್ವನಿಧಿ ಸಾಲ ಬಂತು. ಷಟರ್ ಇರುವ ಅಂಗಡಿ ಬೀದಿ ವ್ಯಾಪಾರವಲ್ಲವಾದ್ದರಿಂದ ಅದೂ ಇವನದಲ್ಲ.

ಬಾಕಿ ಪಾವತಿಯ ವಿಷಯದಲ್ಲೂ ಹೀಗೇ. ಸಣ್ಣ ಉದ್ದಿಮೆಯಿಂದ ಸರಕು ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು 2006ರ ಕಾಯ್ದೆ ಹೇಳುತ್ತದೆ. ಪೀಣ್ಯದ ಲೇತ್ ವರ್ಕ್‌ಶಾಪಿನವನಿಗೆ ಈ ಹಕ್ಕು ಇದೆ. ಆದರೆ ವರ್ಷವಿಡೀ ಕೆಲಸ ಕೊಡುವ ಕಂಪನಿಯ ಮೇಲೆ ದೂರು ಕೊಟ್ಟು ಮುಂದಿನ ಆರ್ಡರ್ ಕಳೆದುಕೊಳ್ಳುವ ಧೈರ್ಯ ಯಾರಿಗಿದೆ? ಅದಕ್ಕೇ 2023ರ ಬಜೆಟ್‌ನಲ್ಲಿ ಆದಾಯ ತೆರಿಗೆ ಕಾನೂನಿಗೆ ಒಂದು ಕೊಕ್ಕೆ ಸೇರಿಸಿದರು: ಕಾಲಮಿತಿಯಲ್ಲಿ ಹಣ ಕೊಡದಿದ್ದರೆ ಆ ವರ್ಷ ಆ ಖರ್ಚನ್ನು ಕೊಂಡವರು ತಮ್ಮ ಲೆಕ್ಕದಲ್ಲಿ ತೋರಿಸುವಂತಿಲ್ಲ. ಜಾಣ ಉಪಾಯ, ಏಕೆಂದರೆ ಸಣ್ಣವನು ಬಾಯಿ ಬಿಡಬೇಕಾಗಿಲ್ಲ. ಆದರೆ ಇದು ತಯಾರಕರಿಗೆ, ಸೇವೆ ಕೊಡುವವರಿಗೆ ಮಾತ್ರ. ವ್ಯಾಪಾರಿಗಳನ್ನು 2021ರ ಜುಲೈಯಲ್ಲಿ ಸಣ್ಣ ಉದ್ದಿಮೆಗಳ ‘ಉದ್ಯಮ’ ನೋಂದಣಿಗೆ ಸೇರಿಸಿಕೊಂಡದ್ದು ಆದ್ಯತಾ ವಲಯದ ಸಾಲದ ಉದ್ದೇಶಕ್ಕಷ್ಟೇ. ಶಾಲೆಗೆ, ಕಚೇರಿಗೆ ನೋಟ್‌ಬುಕ್ಕು, ಪೇಪರು ಉದ್ರಿ ಕೊಟ್ಟು ಆರು ತಿಂಗಳು ಅಲೆಯುವ ಸ್ಟೇಷನರಿ ಅಂಗಡಿಯವನಿಗೆ ಇದರಿಂದ ಬಿಡಿಗಾಸಿನ ಉಪಕಾರವಿಲ್ಲ.

ವ್ಯಾಪಾರಿಗಳ ದೂರುಗಳೆಲ್ಲ ತುರ್ತಿನವೂ ಅಲ್ಲ. ಪಾರ್ಕಿಂಗ್ ಇಲ್ಲ, ಆನ್‌ಲೈನ್‌ನವರು ಗಿರಾಕಿ ಕಿತ್ತುಕೊಂಡರು, ಕೆಲಸದ ಹುಡುಗರು ನಿಲ್ಲುವುದಿಲ್ಲ: ಇವೆಲ್ಲ ನಿಜ, ಆದರೆ ಹಳೆಯ ನೋವುಗಳು. ತುರ್ತು ಎಂದರೆ ಈ ತಿಂಗಳೊಳಗೆ ಅಂಗಡಿ ಮುಚ್ಚಿಸಬಲ್ಲದ್ದು. ಖಾತೆ ಫ್ರೀಜ್ ಆಗುವುದು ತುರ್ತು. ಯಾವನೋ ಸೈಬರ್ ವಂಚಕನ ದುಡ್ಡಿನ ಒಂದು ತುಣುಕು ಸ್ಕ್ಯಾನರ್ ಮೂಲಕ ಬಂದು, ಅದಕ್ಕಾಗಿ ಟೀ ಅಂಗಡಿಯವನ ಖಾತೆಗೆ ತಡೆ ಬೀಳುವುದು ಈಗ ಅಪರೂಪವಲ್ಲ. ಅಂಗಡಿಯ ಮುಂದೆ ವೈಟ್‌ಟಾಪಿಂಗ್‌ಗೆಂದು ರಸ್ತೆ ಅಗೆದು ಕೆಲಸ ನಿಲ್ಲಿಸಿ ಹೋಗುವುದು ತುರ್ತು. ಹಬ್ಬದ ಮುಂದೆ ಆದರಂತೂ ವರ್ಷದ ಸಂಪಾದನೆಯೇ ಹೋಯಿತು. ವಾರದ ಉದ್ರಿಯಲ್ಲಿ ಸರಕು ತರುವವನ ಕೈಯಲ್ಲಿ ತಿಂಗಳ ದುಡ್ಡು ಇರುವುದಿಲ್ಲ. ಆರು ತಿಂಗಳ ನಂತರದ ಪರಿಹಾರ ಅವನಿಗೆ ಪರಿಹಾರವೇ ಅಲ್ಲ.

ಇಂಥದ್ದನ್ನು ಮೊದಲು ಬಲ್ಲವರು ಯಾರು? ಇಲಾಖೆಯಲ್ಲ. ವಾರಕ್ಕೊಮ್ಮೆ ಆರ್ಡರ್ ಬರೆದುಕೊಳ್ಳಲು ಬರುವ ಲೈನ್ ಸೇಲ್ಸ್ ಹುಡುಗನಿಗೆ ಯಾವ ಅಂಗಡಿಯಲ್ಲಿ ಸರಕು ಅರ್ಧಕ್ಕಿಳಿಯಿತು, ಯಾರು ದುಡ್ಡು ಮುಂದಕ್ಕೆ ಹಾಕುತ್ತಿದ್ದಾರೆ ಎಂಬುದು ಬಾಯಿಪಾಠ. ಪಿಗ್ಮಿ ಕಲೆಕ್ಟರ್‌ಗೆ ಗೊತ್ತು. ಹತ್ತಾರು ಅಂಗಡಿಗಳ ಲೆಕ್ಕ ನೋಡುವ ಆಡಿಟರ್‌ಗೆ ಗೊತ್ತು. ಈ ಮೂವರನ್ನು ತಿಂಗಳಿಗೊಮ್ಮೆ ಕೂರಿಸಿ ಟೀ ಕೊಟ್ಟು ಕೇಳಿದರೆ ಸರ್ವೆಗಿಂತ ಹೆಚ್ಚು ತಿಳಿಯುತ್ತದೆ ಎಂದು ನನ್ನ ನಂಬಿಕೆ. ಅರ್ಜಿಗಳಿಗೆ ಗಡುವು ಹಾಕಿದ ‘ಸಕಾಲ’ ಕಾಯ್ದೆಯನ್ನು 2011ರಲ್ಲೇ ತಂದ ರಾಜ್ಯ ನಮ್ಮದು. ಸರ್ಟಿಫಿಕೇಟಿಗೆ ಗಡುವು ಹಾಕಬಹುದಾದರೆ ವ್ಯಾಪಾರಿಯ ಅಹವಾಲಿಗೆ ಉತ್ತರ ಕೊಡುವುದಕ್ಕೂ ಹಾಕಬಹುದು. ತಿಂಗಳಿಗೊಂದು ಮಧ್ಯಾಹ್ನ, ಪೇಟೆಯಲ್ಲೇ, ತೆರಿಗೆ, ಪಾಲಿಕೆ, ಬ್ಯಾಂಕು, ಪೊಲೀಸು ಈ ನಾಲ್ವರೂ ಒಟ್ಟಿಗೆ ಕೂರುವಂತಾಗಬೇಕು. ಒಬ್ಬರು ಇನ್ನೊಬ್ಬರ ಕಡೆ ಬೊಟ್ಟು ಮಾಡಲು ಆಗದಿರುವುದೇ ಅದರ ಮುಖ್ಯ ಲಾಭ.

ಜುಲೈ ಗದ್ದಲದ ನಂತರ ಒಂದಷ್ಟು ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ ಹೊಸ ತೆರಿಗೆ ದರ ಬಂದು ಬಿಸ್ಕತ್ತು, ಕೇಕು ಶೇ 18ರಿಂದ 5ಕ್ಕೆ ಇಳಿದವು, ಕುರುಕಲು ಶೇ 12ರಿಂದ 5ಕ್ಕೆ. ಬೇಕರಿಯವರಿಗೆ ಉಸಿರಾಡಿದಂತಾಯಿತು. ಆದರೆ ದರ ಇಳಿದಾಗ ನೋಂದಣಿಯ ಮಿತಿ ಬದಲಾಗಲಿಲ್ಲ. ಸರಕಿಗೆ ₹40 ಲಕ್ಷ, ಸೇವೆಗೆ ₹20 ಲಕ್ಷ ಎಂಬುದು ಹಾಗೇ ಉಳಿಯಿತು.

ಹಾಗಾಗಿ ಅಂಗಡಿ ನಡೆಸುವ ಓದುಗರಿಗೆ ಕೆಲವು ಮಾತು. ಸ್ಕ್ಯಾನರ್ ಕಿತ್ತುಹಾಕಿದರೆ ಹಳೆಯ ಜಮೆ ಅಳಿಸಿಹೋಗುವುದಿಲ್ಲ, ಗಿರಾಕಿ ಮಾತ್ರ ಹೋಗುತ್ತಾನೆ. ಅಂಗಡಿಗೆಂದೇ ಒಂದು ಖಾತೆ ತೆರೆದು ಸ್ಕ್ಯಾನರನ್ನು ಅದಕ್ಕೆ ಜೋಡಿಸಿ. ಕೈಸಾಲ, ಚೀಟಿಯ ದುಡ್ಡು ಬೇರೆ ಖಾತೆಗೆ ಬರಲಿ. ಹಾಲು, ಬ್ರೆಡ್, ತರಕಾರಿಯಂಥ ತೆರಿಗೆ ಇಲ್ಲದ ಸರಕಿನ ಖರೀದಿ ಬಿಲ್ಲುಗಳನ್ನು ಬೇರೆಯಾಗಿ ಕಟ್ಟಿಡಿ, ಎಂದಾದರೂ ಲೆಕ್ಕ ಕೇಳಿದರೆ ನಿಮ್ಮನ್ನು ಕಾಪಾಡುವುದು ಅವೇ. ಪ್ರತಿ ಮೂರು ತಿಂಗಳಿಗೊಮ್ಮೆ ಜಮೆ ಕೂಡಿಸಿ ನೋಡಿ, ಮಿತಿಯ ಹತ್ತಿರ ಬಂದಿದ್ದರೆ ದಾಟುವವರೆಗೆ ಕಾಯದೆ ಕಾಂಪೋಸಿಷನ್ ಬಗ್ಗೆ ಆಡಿಟರ್ ಹತ್ತಿರ ಮಾತಾಡಿ. ನೋಟಿಸ್ ಬಂದರೆ ಹೆದರಿ ಪೆಟ್ಟಿಗೆಯಲ್ಲಿಟ್ಟು ಕೂರಬೇಡಿ. ನೋಟಿಸ್ ಎಂದರೆ ವಿವರಣೆ ಕೇಳುವ ಕಾಗದ, ಅಂತಿಮ ಆದೇಶವಲ್ಲ. ಅದರಲ್ಲಿ ಕೊಟ್ಟ ದಿನದೊಳಗೆ ಲಿಖಿತ ಉತ್ತರ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ. ಉತ್ತರ ಬಾರದಿದ್ದರೆ ನಿಮ್ಮ ಮಾತು ಕೇಳದೆಯೇ ಆದೇಶ ಹೊರಡಿಸುವ ಅಧಿಕಾರ ಇಲಾಖೆಗಿದೆ.